ಹುಡುಗರನ್ನು ತೂಗಿ ನೋಡುತ್ತಿದ್ದ ಕಂಡಕ್ಟರು

ನಮ್ಮ ಕಂಡಕ್ಟರ್ ಅಣ್ಣ ತೀರಿಕೊಂಡ ಸುದ್ದಿ ಬಂದಾಗ ನಾನು ಹನೂರು ಬಸ್‌ಸ್ಟ್ಯಾಂಡಿನಲ್ಲಿ ಸ್ಟೇರಿಂಗ್ ಮುಂದೆ ಕೂತಿದ್ದೆ. ಕೊಳ್ಳೇಗಾಲದ ಕಡೆಯಿಂದ ಬಂದ ಬಸ್ಸಿನ ಡ್ರೈವರು ತನ್ನ ಕಿಟಕಿಯನ್ನು ನನ್ನ ಕಿಟಕಿಯ ಪಕ್ಕಕ್ಕೆ ತಂದು ನಿಲ್ಲಿಸಿ ಎಂಜಿನ್ ಆಫ್ ಮಾಡಿದ. ಆಗಲೇ ನನಗೆ ಅರ್ಥವಾಯಿತು. ಸಾಮಾನ್ಯ ಸುದ್ದಿಗೆ ನಾವು ಯಾರೂ ಎಂಜಿನ್ ಆಫ್ ಮಾಡುವುದಿಲ್ಲ.

ಬಸ್ಸಿನ ತುಂಬ ಜನ ಇದ್ದರು. ರಾಮಾಪುರಕ್ಕೆ ಹೋಗುವವರು, ಮಾದಪ್ಪನ ಬೆಟ್ಟಕ್ಕೆ ಹೋಗುವವರು. ಅವರನ್ನು ಇಳಿಸಿ ಹೋಗುವ ಹಾಗಿರಲಿಲ್ಲ. ಹಿಂದಿನಿಂದ ಹೊಸ ಕಂಡಕ್ಟರ್ ಹುಡುಗ 'ರೈಟ್' ಅಂದ. ನಾನು ಗೇರ್ ಹಾಕಿದೆ. ಸ್ಟೇರಿಂಗ್ ಹಿಡಿದವನು ಅಳುವ ಹಾಗಿಲ್ಲ. ಕಣ್ಣು ಮಂಜಾದರೆ ರಸ್ತೆ ಕಾಣುವುದಿಲ್ಲ. ಹಾಗಾಗಿ ಅಳು ನನಗೆ ಬಂದದ್ದು ಸಂಜೆ, ಡಿಪೋದಲ್ಲಿ ಗಾಡಿ ಬಿಟ್ಟು ಅವರ ಮನೆಯ ಬೀದಿಗೆ ತಿರುಗಿದ ಮೇಲೆ.

ನಾನು ಹೆಚ್ಚು ಓದಿದವನಲ್ಲ. ಬರೆಯುವುದು ಅಭ್ಯಾಸವಿಲ್ಲ. ಆದರೆ ಅವರ ಜೊತೆ ಒಂದೇ ಬಸ್ಸಿನಲ್ಲಿ ನನ್ನ ಆಯಸ್ಸಿನ ಒಳ್ಳೆಯ ಭಾಗ ಕಳೆದಿದ್ದೇನೆ. ಡ್ರೈವರಿಗೆ ಕಂಡಕ್ಟರು ಮುಖಕ್ಕಿಂತ ದನಿಯಾಗಿ ಹೆಚ್ಚು ಗೊತ್ತಿರುತ್ತಾನೆ. ನಾನು ರಸ್ತೆ ನೋಡುತ್ತಿದ್ದೆ, ಅವರು ಬೆನ್ನ ಹಿಂದೆ ಮಾತಾಡುತ್ತಿದ್ದರು. ಈಗ ಕಣ್ಣು ಮುಚ್ಚಿದರೂ ಮೊದಲು ಬರುವುದು ಆ ದನಿಯೇ, ಸ್ವಲ್ಪ ಒಡೆದ ದನಿ. ಎಳೆಯ ವಯಸ್ಸಿನಲ್ಲಿ ಉಸಿರು ಕಟ್ಟಿ ಕಬಡ್ಡಿ ಕಬಡ್ಡಿ ಅಂದೂ ಅಂದೂ ಒಡೆದದ್ದು ಅಂತ ಅವರೇ ಹೇಳುತ್ತಿದ್ದರು.

ಕುಳ್ಳಗೆ, ದಪ್ಪ ಕುತ್ತಿಗೆಯ ಆಳು. ಕಬಡ್ಡಿಯಲ್ಲಿ ಯಾರೋ ಕ್ಯಾಚ್ ಹಿಡಿಯುವಾಗ ಮಂಡಿ ತಗುಲಿ ಬಲಗಿವಿ ಮಡಚಿಕೊಂಡಿತ್ತು. ಎಡಗಾಲು ಪೂರ್ತಿ ಮಡಚುತ್ತಿರಲಿಲ್ಲ. ಹಾಗಿದ್ದೂ ಕಂಡಕ್ಟರ್ ಸೀಟಿನಲ್ಲಿ ಕೂತದ್ದನ್ನು ನಾನು ನೋಡಿದ್ದು ಕಡಿಮೆ. ಬಸುರಿಯೋ ಮುದುಕಿಯೋ ಹತ್ತಿದರೆ ಆ ಸೀಟು ಅವರಿಗೆ. ಇವರು ಬಾಗಿಲ ಬಳಿ ಕಂಬಿಗೆ ಒರಗಿ ನಿಂತು ಹೊರಗೆ ನೋಡುತ್ತಿದ್ದರು. ಬಯಲು ಕಂಡರೆ ಸಾಕು, ಅಲ್ಲಿ ಹುಡುಗರು ಇದ್ದಾರೇನೋ ಅಂತ.

ಅವರಿಗೆ ಇದ್ದ ಹುಚ್ಚು ಅದೊಂದೇ. ಕೊಳ್ಳೇಗಾಲದಲ್ಲಿ ಅವರೂ ನಾಲ್ಕಾರು ಸ್ನೇಹಿತರೂ ಸೇರಿ ಒಂದು ಕಬಡ್ಡಿ ಟೀಮು ನಡೆಸುತ್ತಿದ್ದರು. ಆಗ ನಾವೆಲ್ಲ ಇನ್ನೂ ಮೈಸೂರು ಜಿಲ್ಲೆಯವರು. ಅದು ದೊಡ್ಡ ಟೀಮು. ಅದರ ಕೆಳಗೆ ಯಳಂದೂರಿನಲ್ಲಿ ಒಂದು, ಹನೂರಿನಲ್ಲಿ ಒಂದು, ರಾಮಾಪುರದಲ್ಲಿ ಒಂದು, ಹೀಗೆ ಚಿಕ್ಕ ಟೀಮುಗಳನ್ನು ಕಟ್ಟಿದ್ದರು. ಅವನ್ನು ಅವರು 'ಮರಿ ಟೀಮು' ಅನ್ನುತ್ತಿದ್ದರು. ದೊಡ್ಡ ಟೀಮಿನಲ್ಲಿ ಯಾರಿಗೋ ಕೆಲಸ ಸಿಕ್ಕಿತು, ಮದುವೆಯಾಯಿತು, ಕಾಲು ಉಳುಕಿತು ಅಂದರೆ ಮರಿ ಟೀಮಿನಿಂದ ಒಬ್ಬ ಮೇಲೆ ಬರಬೇಕು. ಯಾರನ್ನು ಕರೆಯುವುದು ಅನ್ನುವುದೇ ಅವರ ತಲೆಯಲ್ಲಿ ಸದಾ ಓಡುತ್ತಿದ್ದ ವಿಚಾರ. ನಮ್ಮ ಡ್ಯೂಟಿ ಒಂದಷ್ಟು ದಿನ ಯಳಂದೂರು ಕಡೆ, ಒಂದಷ್ಟು ದಿನ ಹನೂರು, ರಾಮಾಪುರ, ಬೆಟ್ಟದ ಕಡೆ ಬೀಳುತ್ತಿತ್ತು. ಹೀಗಾಗಿ ಮೂರು ಕಡೆಯ ಹುಡುಗರೂ ಅವರ ಕಣ್ಣಳತೆಯಲ್ಲೇ ಬೆಳೆದರು.

ಅವರು ಹುಡುಗರನ್ನು ನೋಡುವ ರೀತಿ ಬೇರೆ. ಎಲ್ಲರೂ ರೈಡ್ ಹೋದವನನ್ನು ನೋಡಿದರೆ ಇವರು ಔಟಾಗಿ ಹೊರಗೆ ಕೂತವನನ್ನು ನೋಡುತ್ತಿದ್ದರು. 'ಔಟಾದೋನು ಎತ್ಲಾಗ್ ನೋಡ್ತಾನೆ ನೋಡು ತಮ್ಮ,' ಅನ್ನುತ್ತಿದ್ದರು. 'ನೆಲ ನೋಡ್ದ ಅಂದ್ರೆ ಅವನಿಗೆ ಅವಂದೇ ಚಿಂತೆ. ಜನ ನೋಡ್ದ ಅಂದ್ರೆ ಅವನು ಆಟಕ್ಕೆ ಬಂದಿಲ್ಲ. ಆಟ ನೋಡ್ತಾ ಕೂತವ್ನೆ ಅಂದ್ರೆ ಅವನನ್ನ ಬುಡಬ್ಯಾಡ.' ಬಸ್ಸಿನಿಂದ ಹುಡುಗರು ಇಳಿಯುವುದನ್ನೂ ನೋಡುತ್ತಿದ್ದರು. ಪೂರ್ತಿ ನಿಲ್ಲುವ ಮೊದಲೇ ಹಾರಿ, ಓಡುವ ದಿಕ್ಕಿಗೇ ಎರಡು ಹೆಜ್ಜೆ ಹಾಕಿ ನಿಂತವನನ್ನು ಕಂಡರೆ ಬೈಯುತ್ತಿದ್ದರು. ಬೈದು, ನನ್ನ ಕಡೆ ತಿರುಗಿ, 'ಯಾರ್ ಮಗ್ನೋ ಅವ್ನು, ಕೇಳ್ಬೇಕು' ಅನ್ನುತ್ತಿದ್ದರು.

ಅವರ ಹೆಂಡತಿ, ನನಗೆ ಅತ್ತಿಗೆ ಇದ್ದ ಹಾಗೆ, ಒಮ್ಮೆ ಊಟ ಬಡಿಸುತ್ತಾ ಹೇಳಿದರು: 'ನನ್ನ ನೋಡಾಕೆ ಬಂದಾಗ ಇವ್ರು ತಲೆ ಎತ್ನಿಲ್ಲ. ಅವ್ರವ್ವ ನೋಡ್ಕಂಡೋದ್ರು. ಈಗ ನೋಡಿ, ಊರೂರ್ ಮೇಲೆ ಉಡುಗ್ರ ನೋಡ್ಕಂಡ್ ಬತ್ತವ್ರೆ.'

ಅಣ್ಣ ಅನ್ನ ಕಲಸುತ್ತಾ, 'ನಿನ್ನ ನೋಡಿದ್ರೆ ರೈಡಿಂಗಿಗೆ ಆಕ್ಕತಿದ್ದೆ ಕಣೆ' ಅಂದರು.

'ನಾನು ಇಡ್ದು ಕೆಡುವ್ತಿದ್ದೆ,' ಅಂದರು ಅತ್ತಿಗೆ.

ಅವರಿಗೆ ಇಬ್ಬರು ಹೆಣ್ಣುಮಕ್ಕಳು. ಗಂಡುಮಕ್ಕಳಿಲ್ಲದ್ದಕ್ಕೇ ಊರ ಹುಡುಗರನ್ನು ಹಿಂದೆ ಹಾಕಿಕೊಂಡು ತಿರುಗುತ್ತಾರೆ ಅಂತ ಡಿಪೋದಲ್ಲಿ ಕೆಲವರು ಅನ್ನುತ್ತಿದ್ದರು. ನನಗೆ ಹಾಗೆ ಅನ್ನಿಸಿದ್ದಿಲ್ಲ. ಹೆಣ್ಣುಮಕ್ಕಳೆಂದರೆ ಅವರಿಗೆ ಜೀವ.

ಇನ್ನೊಂದು ಅವರ ಕಟ್ಟುನಿಟ್ಟು. ಮೇಲೆ ಕರೆಯುವ ದಿನ ಎಲ್ಲರನ್ನೂ ಆಡಿಸುತ್ತಿದ್ದರು. ಆ ದಿನ ಆಡಿದವನಿಗೆ ಜಾಗ. ಹಿಂದಿನ ವಾರ ಹೇಗಾಡಿದ್ದ, ಹೋದ ವರ್ಷ ಎಷ್ಟು ಕಪ್ ಗೆದ್ದ, ಯಾವುದೂ ಲೆಕ್ಕಕ್ಕಿಲ್ಲ. 'ನೆನ್ನೆ ಆಡಿದ್ದು ಮಾತಿಗೆ, ಇವತ್ತು ಆಡಿದ್ದು ಟೀಮಿಗೆ' ಅನ್ನುವರು. ಅತ್ತಿಗೆಯ ತಮ್ಮನ ಮಗ ಚೆನ್ನಾಗಿ ಆಡುವವನು. ಕರೆಯುವ ದಿನ ಜ್ವರ ಬಂದು ಎದ್ದವನಂತೆ ಆಡಿದ. ಬಿಟ್ಟೇ ಬಿಟ್ಟರು. ಆ ಯುಗಾದಿಗೆ ಅತ್ತಿಗೆಯ ತವರಿನವರು ಯಾರೂ ಮನೆಗೆ ಬರಲಿಲ್ಲ. ಅತ್ತಿಗೆ ಒಬ್ಬರೇ ಹೋಳಿಗೆ ತಟ್ಟಿದರು. ಅಣ್ಣ ಎರಡು ತಿಂದು ಡ್ಯೂಟಿಗೆ ಹೊರಟರು. ಈ ನಿಯಮ ಮುರಿದರೆ ಮುಂದೆ ಯಾವ ಹಳ್ಳಿ ಹುಡುಗನೂ ತಮ್ಮ ಮಾತು ನಂಬುವುದಿಲ್ಲ ಎಂದು ನನ್ನ ಹತ್ತಿರ ಹೇಳಿಕೊಂಡರು. ಹಳ್ಳಿಯ ಬಡವರ ಮಕ್ಕಳಿಗೆ ಇವರ ಟೀಮಿನ ಮೇಲೆ ನಂಬಿಕೆ ಇದ್ದದ್ದು ಆ ನಿಯಮದಿಂದಲೇ. ಅದು ನಿಜ.

ಎಂಬತ್ತರ ದಶಕ ಮುಗಿಯುತ್ತಾ ಬಂದಾಗ ಮರಿ ಟೀಮುಗಳಲ್ಲಿ ಇಬ್ಬರು ಹುಡುಗರು ಎದ್ದು ಕಾಣುತ್ತಿದ್ದರು. ಒಬ್ಬ ರಾಮಾಪುರದವನು, ಒಬ್ಬ ಯಳಂದೂರಿನವನು. ಹೆಸರು ಬೇಡ. ಬಸ್ಸಿನಲ್ಲೂ ಅವರಿಗೆ ಊರಿನ ಹೆಸರೇ ಹೆಸರು.

ರಾಮಾಪುರದವನು ಉದ್ದಕ್ಕೆ, ಸಪೂರ. ಅವರ ಊರಿನ ಕಡೆ ತಮಿಳು ಬೆರೆತ ಮಾತು, ಕಬಡ್ಡಿಗೆ ಸಡುಗುಡು ಅನ್ನುವರು. ಗೆರೆ ದಾಟಿದನೆಂದರೆ ಎದುರಿನವರಿಗೆ ಅವನ ಕೈ ಎಲ್ಲಿಂದ ಬಂತು ಅಂತ ತಿಳಿಯುವ ಹೊತ್ತಿಗೆ ಅವನು ವಾಪಸು ಹೋಗಿರುತ್ತಿದ್ದ. ತಂದೆ ಇರಲಿಲ್ಲ. ತಾಯಿ ಕೂಲಿ ಮಾಡಿ ಸಾಕಿದ್ದಳು. ಯಳಂದೂರಿನವನು ಗಿಡ್ಡ, ಅಗಲ ಎದೆ. ಹಿಡಿದರೆ ಬಿಡುವವನಲ್ಲ. ಅವನ ಕೈಗೆ ಕಾಲು ಕೊಟ್ಟವನು ಗೆರೆ ಮುಟ್ಟಿದ್ದನ್ನು ನಾನು ಕಂಡಿಲ್ಲ.

ಇಬ್ಬರಲ್ಲಿ ಯಾರು ಮೇಲು ಅನ್ನುವುದು ಎರಡು ವರ್ಷ ನಮ್ಮ ಬಸ್ಸಿನ ಮಾತಾಗಿತ್ತು. ಹನೂರು ಕಡೆ ಹೋದರೆ ಒಂದು ನ್ಯಾಯ, ಯಳಂದೂರು ಕಡೆ ಹೋದರೆ ಇನ್ನೊಂದು ನ್ಯಾಯ. ಒಮ್ಮೆ ರೇಷ್ಮೆಗೂಡಿನ ಮೂಟೆ ಹೇರಿಕೊಂಡು ಕೊಳ್ಳೇಗಾಲದ ಮಾರ್ಕೆಟ್ಟಿಗೆ ಹೊರಟ ಹೆಂಗಸು ಕೇಳಿದಳು:

'ಕಂಡಕ್ಟ್ರೇ, ನಮ್ಮುಡ್ಗುನ್ ಸಮಕ್ಕೆ ಆ ಕಡೇಲಿ ಯಾರವ್ರೆ ಯೋಳಿ ನೋಡವಾ.'

'ನಿಮ್ಮುಡ್ಗ ಎಕ್ಸ್‌ಪ್ರೆಸ್ಸು ಕಣವ್ವ. ಯಳಂದೂರೋನು ಷಟ್ಲು.'

'ಅಂಗಂದ್ರೆ?'

'ಎಕ್ಸ್‌ಪ್ರೆಸ್ಸು ನಿಲ್ಲಾಕಿಲ್ಲ, ಓಯ್ತಾ ಇರ್ತದೆ. ಷಟ್ಲು ಎಲ್ಲಾ ಕಡೇಲೂ ನಿಲ್ತದೆ, ಯಾರ್ನೂ ಬುಟ್ಟೋಗಾಕಿಲ್ಲ.'

ಹಿಂದಿನ ಸೀಟಿನಿಂದ ಒಬ್ಬ ಮುದುಕ, 'ಅಂಗಾರೆ ನಮ್ಮೀ ಬಸ್ಸು ಯಾವ್ದಪ್ಪ? ಇದು ನಿಲ್ಲಾದೂ ಇಲ್ಲ, ಓಗಾದೂ ಇಲ್ಲ,' ಅಂದ.

'ಅದ ಡ್ರೈವರ್ರ ಕೇಳಿ,' ಅಂದರು ಅಣ್ಣ. ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ.

ಯಳಂದೂರು ಕಡೆ ಒಬ್ಬ ಅಂಗಡಿಯವನು ದಿನಾ ಹತ್ತುತ್ತಿದ್ದ. 'ರಾಮಾಪುರದೋನು ಕಾಡಲ್ಲಿ ಮೊಲದ ಇಂದೆ ಓಡಿ ಕಲ್ತವ್ನೆ ಸಾ. ನಮ್ಮೋನು ಗದ್ದೆ ಕೆಸರಲ್ಲಿ ಕಾಲೂರಿ ಕಲ್ತವ್ನೆ. ಕೆಸರಲ್ಲಿ ನಿಂತೋನು ಎಲ್ ಬೇಕಾರು ನಿಲ್ತಾನೆ,' ಅನ್ನುವನು. ಅಣ್ಣ ಟಿಕೆಟ್ ಹರಿದು ಕೊಟ್ಟು, 'ನಿಮ್ಮಂಗಡಿ ತಕ್ಕಡಿ ಒಂಚೂರು ನಿಮ್ ಕಡೀಕೇ ವಾಲ್ತದೆ ಅಂತ ಊರೆಲ್ಲ ಅಂತದೆ ಸಾವ್ಕಾರ್ರೆ' ಅಂದು ಮುಂದೆ ಹೋಗುತ್ತಿದ್ದರು. ಅವರು ಮಾತ್ರ ಎಲ್ಲೂ ಯಾರ ಮುಂದೂ ಇವನೇ ಮೇಲು ಅಂತ ಹೇಳಿದ್ದಿಲ್ಲ. ಆಗ ನನ್ನ ಮುಂದೆ ಕೂಡ.

ಆಗ ಮೈಸೂರಿನಲ್ಲಿ ಅವರ ಹಳೆಯ ಆಟದ ಸ್ನೇಹಿತರೊಬ್ಬರು ಹುಡುಗರನ್ನು ತಯಾರು ಮಾಡುವ ಹಾಸ್ಟೆಲಿನಲ್ಲಿ ತರಬೇತಿ ಕೊಡುತ್ತಿದ್ದರು. ಊಟ, ಓದು, ಆಟ ಎಲ್ಲ ಅಲ್ಲೇ. ಚೆನ್ನಾಗಿ ಆಡಿದರೆ ಮುಂದೆ ಆಟದ ಕೋಟಾದಲ್ಲಿ ನೌಕರಿ. ಅವರು ಹೇಳಿ ಕಳಿಸಿದರು: ನಿಮ್ಮ ಕಡೆಯಿಂದ ಒಬ್ಬನಿಗೆ ಜಾಗ ಇದೆ, ನೀವು ಯಾರನ್ನು ತೋರಿಸುತ್ತೀರೋ ಅವನು. ಒಂದು ಭಾನುವಾರ ಕೊಳ್ಳೇಗಾಲಕ್ಕೆ ಬಂದು ಕರೆದುಕೊಂಡು ಹೋಗುವುದಾಗಿ ಹೇಳಿದ್ದರು.

ಎರಡೂ ಕಡೆ ಸುದ್ದಿ ಹರಡಿತು. ಒಂದು ಬೆಳಗ್ಗೆ ರಾಮಾಪುರದ ಸ್ಟಾಪಿನಲ್ಲಿ ಆ ಹುಡುಗನ ತಾಯಿ ಬಾಗಿಲ ಹತ್ತಿರ ಬಂದು ಸೆರಗು ಹಿಡಿದುಕೊಂಡು ಕೇಳಿದಳು: 'ಸಾ, ನನ್ ಮಗ ಮೈಸೂರ್ಗೆ ಓಯ್ತಾನಾ ಸಾ?'

ಜನ ಹತ್ತುತ್ತಿದ್ದರು. ಅಣ್ಣ ಟಿಕೆಟ್ ಹರಿಯುತ್ತಾ, 'ಅವನ ಆಟ ಅವನು ಆಡ್ತಾನೆ ತಾಯಿ. ನೀವು ಮಾದಪ್ಪುನ್ಗೊಂದ್ ಮಾತು ಯೋಳ್ಕಳಿ,' ಅಂದರು.

ಇದು ನಮ್ಮ ಕಡೆ ಎಲ್ಲರೂ ಎಲ್ಲರಿಗೂ ಅನ್ನುವ ಮಾತು. ಪರೀಕ್ಷೆಗೆ ಹೋಗುವ ಮಗುವಿಗೂ ಅನ್ನುತ್ತೇವೆ, ಆಸ್ಪತ್ರೆಗೆ ಹೋಗುವವನಿಗೂ ಅನ್ನುತ್ತೇವೆ. ಆಕೆ ತಲೆ ಆಡಿಸಿ ಹೋದಳು.

ಆ ಭಾನುವಾರದ ಹಿಂದಿನ ದಿನ ಅಮಾವಾಸ್ಯೆ. ಬೇಸಿಗೆ. ನಮ್ಮ ಬಸ್ಸು ಬೆಟ್ಟಕ್ಕೆ ಹೊರಟಿತ್ತು. ದಾರಿಯುದ್ದಕ್ಕೂ ನಡೆದು ಹೋಗುವ ಭಕ್ತರು. ಘಾಟಿ ಶುರುವಾಗುವ ತಾಳಬೆಟ್ಟಕ್ಕೆ ಸ್ವಲ್ಪ ಹಿಂದೆ ಇದ್ದಕ್ಕಿದ್ದಂತೆ ಹಿಂದಿನಿಂದ 'ಓಲ್ಡಾನ್, ಓಲ್ಡಾನ್' ಅಂತ ಕೂಗಿದರು. ನಾನು ಯಾರೋ ಬಿದ್ದರು ಅಂದುಕೊಂಡು ಬ್ರೇಕ್ ಹಾಕಿದೆ.

ರಸ್ತೆಯ ಪಕ್ಕ ರಾಮಾಪುರದ ಹುಡುಗ ನಿಂತಿದ್ದ. ಬರಿಗಾಲು. ಹಣೆ ತುಂಬ ವಿಭೂತಿ. ಪಕ್ಕದಲ್ಲಿ ತಾಯಿ, ತಲೆಯ ಮೇಲೆ ಗಂಟು. ಟಾರು ಬಿಸಿಲಿಗೆ ಕರಗಿ ಹೊಳೆಯುತ್ತಿತ್ತು. ಅಣ್ಣ ಇಳಿದು ಓಡಿದರು.

'ಲೇ, ಏನ್ಲಾ ಇದು? ನಾಳೆ ಬೆಳಗ್ಗೆ ಕೋರ್ಟಿಗೆ ಇಳೀಬೇಕು ಕಣ್ಲಾ ನೀನು. ಅತ್ತು ಬಸ್ಸ.'

'ಅರಕೆ ಸಾ,' ಅಂದ ಹುಡುಗ.

'ಅರಕೆ ಆಮೇಕೆ ತೀರ್ಸುವೆ, ಅತ್ಲಾ.'

ತಾಯಿ ಮುಂದೆ ಬಂದಳು. 'ನೀವೇ ಯೋಳುದ್ರಲ್ಲ ಸಾ, ಮಾದಪ್ಪುನ್ಗೆ ಯೋಳ್ಕಳಿ ಅಂತ. ಊರಿಂದ ಬರಿಗಾಲಲ್ಲಿ ನನ್ ಮಗುನ್ನ ನಡುಸ್ಕ ಬತ್ತೀನಿ ಅಂತ ಯೋಳ್ಕಂಡೆ.'

'ಆದ್ಮೇಲೆ ನಡ್ಸವ್ವ! ಕೆಲ್ಸ ಆದ್ಮೇಲೆ ತಾನೆ ಅರಕೆ ತೀರ್ಸಾದು?'

'ಎಲ್ರೂ ಆಮೇಕೇ ತೀರುಸ್ತಾರೆ ಸಾ. ಅದ್ಕೇ ದೇವ್ರು ಎಲ್ರುಗೂ ಕೊಡಾಕಿಲ್ಲ. ಮುಂಚೇನೇ ತೀರುಸ್ಬುಟ್ರೆ ಇಲ್ಲ ಅನ್ನಾಕಾದದಾ ಅವ್ನ್ಗೆ?'

ಆಕೆಯ ಮುಖದಲ್ಲಿ ಎಂಥ ಧೈರ್ಯ ಇತ್ತೆಂದರೆ, ಕೆಲಸ ಆಗಿಯೇ ಹೋಯಿತು ಅನ್ನುವ ಹಾಗೆ ನಗುತ್ತಿದ್ದಳು. ಅಣ್ಣ ಬಗ್ಗಿ ತಮ್ಮ ಚಪ್ಪಲಿ ಬಿಚ್ಚಿ ಹುಡುಗನ ಮುಂದೆ ಇಟ್ಟರು. ಹುಡುಗ ಚಪ್ಪಲಿ ನೋಡಿದ, ತಾಯಿಯನ್ನು ನೋಡಿದ. ಕಾಲು ಹಾಕಲಿಲ್ಲ.

ಅಷ್ಟರಲ್ಲಿ ಬಸ್ಸಿನ ಕಿಟಕಿಯಿಂದ ಒಬ್ಬರು ಕೂಗಿದರು: 'ಕಂಡಕ್ಟ್ರೇ, ಅರಕೆ ನಡಿಯೋನ್ನ ಬಸ್ಸಿಗ್ ಅತ್ತುಸ್ಬ್ಯಾಡಿ. ಮಾದಪ್ಪ ಮುನುದ್ರೆ ಮುಂದ್ಕೆ ಗಾಟಿ ಅದೆ. ನಾವೆಲ್ಲ ಮಕ್ಳು ಮರಿ ಇಟ್ಕಂಡಿದ್ದೀವಿ.' ಇನ್ನಿಬ್ಬರು ಹೌದು ಹೌದು ಅಂದರು.

ಅಣ್ಣ ನನ್ನ ಕಡೆ ನೋಡಿದರು. ಆ ತಿರುವುಗಳಲ್ಲಿ ದಿನವೂ ಸ್ಟೇರಿಂಗ್ ತಿರುಗಿಸುವ ಮೊದಲು ನಾನೂ ಕೈ ಮುಗಿಯುವವನೇ. ಅವರು ನನ್ನ ನೀರಿನ ಕ್ಯಾನು ತೆಗೆದುಕೊಂಡು ಹೋಗಿ ಆ ಹುಡುಗನ ಕಾಲಿನ ಮೇಲೆ ಸುರಿದರು. ಕುಡಿಯಲು ಕೊಡಲಿಲ್ಲ, ಕಾಲಿನ ಮೇಲೆ ಸುರಿದರು. ಆಮೇಲೆ ಹತ್ತಿ 'ರೈಟ್' ಅಂದರು. ನನಗೆ ಕೇಳಿಸಲಿಲ್ಲ. ಇನ್ನೊಮ್ಮೆ ಅಂದ ಮೇಲೆ ಗಾಡಿ ಎತ್ತಿದೆ.

ಭಾನುವಾರ ನಾನೂ ಮೈದಾನಕ್ಕೆ ಹೋಗಿದ್ದೆ. ಮೈಸೂರಿನವರು ಬಂದು ಕುರ್ಚಿಯಲ್ಲಿ ಕೂತಿದ್ದರು. ರಾಮಾಪುರದ ಹುಡುಗ ಬೆಳಗಿನ ಬಸ್ಸಿಗೆ ಬೆಟ್ಟದಿಂದ ಇಳಿದು ಬಂದಿದ್ದ. ಅಂಗಾಲಿಗೆ ಅರಿಶಿನ ಮೆತ್ತಿದ್ದ. ಬೊಬ್ಬೆ ಒಡೆದು ಅರಿಶಿನವೆಲ್ಲ ಒದ್ದೆಯಾಗಿತ್ತು. ಆಡಲ್ಲ ಅನ್ನಲಿಲ್ಲ. ಆಡಿದ. ಗೆರೆ ದಾಟಿ ಹೋಗುತ್ತಿದ್ದ, ತಿರುಗುವಾಗ ಕಾಲು ನೆಲಕ್ಕೆ ಊರುತ್ತಿರಲಿಲ್ಲ. ಯಳಂದೂರಿನವನು ಅವತ್ತು ಆಡಿದ ಆಟವನ್ನು ನಾನು ಅವನಿಂದ ಅದಕ್ಕೆ ಮೊದಲು ನೋಡಿರಲಿಲ್ಲ. ಪಾಪ, ಅವನ ತಪ್ಪೇನು? ಅವನೂ ಬಡವರ ಮಗನೇ. ಅವನೂ ರಾತ್ರಿಯೆಲ್ಲ ಇದನ್ನೇ ಕನಸು ಕಂಡು ಬಂದವನೇ. ಎದುರಿಗೆ ಬಂದವನನ್ನು ಹಿಡಿದ, ಹಿಡಿದು ನೆಲಕ್ಕೆ ಹಾಕಿದ. ಹಾಕಿದವನೇ ಅವನ ಕಾಲು ನೋಡಿ ತಾನೇ ಕೈ ಕೊಟ್ಟು ಎಬ್ಬಿಸಿದ.

ಔಟಾದ ರಾಮಾಪುರದ ಹುಡುಗ ಹೊರಗೆ ಕೂತು ಆಟ ನೋಡುತ್ತಿದ್ದ. ಅಣ್ಣ ಅವನನ್ನೇ ನೋಡುತ್ತಿದ್ದರು.

ಮೈಸೂರಿನವರು ಎದ್ದು ಬಂದು, 'ಎರಡು ವರ್ಷದಿಂದ ನೋಡಿರೋರು ನೀವು. ನೀವು ಹೇಳಿದೋನೇ,' ಅಂದರು. ಆ ಮಾತು ಅವರು ಆಡದೇ ಇದ್ದಿದ್ದರೆ ಒಳ್ಳೆಯದಿತ್ತು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ಅವರೇ ನೋಡಿ ಆರಿಸಿದ್ದರೆ ಆಗುತ್ತಿತ್ತು. ಅಣ್ಣ ಹೊರಗೆ ಕೂತವನನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಯಳಂದೂರಿನವನ ಹೆಗಲ ಮೇಲೆ ಕೈ ಇಟ್ಟರು.

ಅಷ್ಟೇ. ಮೈದಾನ ಖಾಲಿಯಾಯಿತು. ರಾಮಾಪುರದ ತಾಯಿ ಬಂದು ಅಣ್ಣನಿಗೆ ಬೆಟ್ಟದ ಪ್ರಸಾದ ಕೊಟ್ಟಳು. 'ಮಾದಪ್ಪ ಕೊಡ್ನಿಲ್ಲ ಬುಡಿ ಸಾ. ನಿಮ್ದೇನದೆ,' ಅಂದಳು. ಬೈದಿದ್ದರೆ ಅವರು ತಡೆದುಕೊಳ್ಳುತ್ತಿದ್ದರು.

ಮನೆಗೆ ನಡೆದು ಹೋಗುವಾಗ ಅವರು ನನ್ನ ಹತ್ತಿರ ಹೇಳಿಕೊಂಡರು. 'ಆಟದಲ್ಲಿ ರಾಮಾಪುರದೋನೇ ಮೇಲು ಕಣೋ ತಮ್ಮ. ಮೊದಲ್ನೇ ದಿನದಿಂದ್ಲೂ ಅವನೇ.' ಮತ್ತೆ ಸ್ವಲ್ಪ ದೂರ ಹೋಗಿ, 'ಆದ್ರೆ ಇವತ್ತು ಆಡ್ದೋನಿಗೆ ಎಂಗ್ ಮೋಸ ಮಾಡ್ಲಿ?' ಅಂದರು. ನನ್ನನ್ನು ಕೇಳಿದ್ದಲ್ಲ ಅದು.

ಯಳಂದೂರಿನವನು ಚೆನ್ನಾಗಿ ಬೆಳೆದ. ಆಟದ ಕೋಟಾದಲ್ಲಿ ಮೈಸೂರಿನಲ್ಲಿ ಸರ್ಕಾರಿ ಕೆಲಸ ಸಿಕ್ಕಿತು. ಒಳ್ಳೆಯ ಮನುಷ್ಯ. ಪ್ರತಿ ಹಬ್ಬಕ್ಕೂ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದು ಅಣ್ಣನ ಕಾಲಿಗೆ ಬಿದ್ದು ಹೋಗುತ್ತಿದ್ದ. ಅಣ್ಣನಿಗೆ ಅವನೆಂದರೆ ನಿಜವಾದ ಸಂತೋಷವೇ.

ರಾಮಾಪುರದವನು ಅದಾದ ಮೇಲೆ ಕೋರ್ಟಿಗೆ ಇಳಿಯಲಿಲ್ಲ. ಬೆಟ್ಟದಲ್ಲಿ ಪೂಜೆ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಕೊಂಡ. ಬರುಬರುತ್ತಾ ತನ್ನದೇ ಒಂದು ಪುಟ್ಟ ಅಂಗಡಿ ಮಾಡಿಕೊಂಡ. ಊರಿಗೂ ಬೆಟ್ಟಕ್ಕೂ ಓಡಾಡುವುದು ನಮ್ಮ ಬಸ್ಸಿನಲ್ಲೇ. 'ನಮಸ್ಕಾರ ಸಾ' ಅನ್ನುವನು. ಅಣ್ಣ ಟಿಕೆಟ್ ಹರಿದು ಕೊಡುವರು. ಕೊಟ್ಟ ಮೇಲೂ ಅವನ ಸೀಟಿನ ಪಕ್ಕ ಕಂಬಿ ಹಿಡಿದು ನಿಲ್ಲುವರು. ನನ್ನ ಎದುರಿನ ಕನ್ನಡಿಯಲ್ಲಿ ನನಗೆ ಅದು ಕಾಣುತ್ತಿತ್ತು. ಏನೋ ಹೇಳಬೇಕು ಅನ್ನುವ ಹಾಗೆ ನಿಂತು, 'ಯಾಪಾರ ಎಂಗದೆ?' ಅಂತ ಕೇಳಿ ಮುಂದೆ ಹೋಗುವರು. ವರ್ಷಗಟ್ಟಲೆ ಹೀಗೆಯೇ.

ಬಸ್ಸಿನಲ್ಲಿ ಯಾರಾದರೂ ಹೊಸ ಹುಡುಗರ ಹೆಸರು ಎತ್ತಿ, 'ಇವನು ಮೇಲೋ ಅವನು ಮೇಲೋ' ಅಂದರೆ 'ಟಿಕೆಟ್, ಟಿಕೆಟ್' ಅಂದುಬಿಡುತ್ತಿದ್ದರು. ಹುಡುಗರನ್ನು ನೋಡುವುದು ಬಿಡಲಿಲ್ಲ. ತೂಗಿ ಹೇಳುವುದು ಮಾತ್ರ ಬಿಟ್ಟರು. ಕರೆಯುವ ದಿನ ಈಗ ಬೇರೆಯವರು ನಿಂತು ಆರಿಸುತ್ತಿದ್ದರು. ಇವರು ಮೈದಾನಕ್ಕೆ ಸುಣ್ಣದ ಗೆರೆ ಎಳೆದು ಮನೆಗೆ ಬಂದುಬಿಡುವರು.

ಒಮ್ಮೆ ಬೆಟ್ಟದಲ್ಲಿ ಟೀ ಕುಡಿಯುತ್ತಾ ನಾನೇ ಹೇಳಿದೆ: 'ಅಣ್ಣ, ಅವನಿಗೆ ಒಂದ್ ಮಾತು ಯೋಳ್ಬುಡಿ. ನೀನೇ ಮೇಲಿದ್ದೆ ಅಂತ.'

'ಯೋಳಿ ಏನಾಗ್ಬೇಕು?'

'ನಿಮ್ಗೂ ಅಗುರಾಯ್ತದೆ.'

ಅವರು ಟೀ ಲೋಟ ತಿರುಗಿಸುತ್ತಾ ಕೂತರು. 'ನನಗೆ ಅಗುರಾಯ್ತದೆ. ಅವನ್ಗೆ? ನೀನೇ ಮೇಲು ಕಣಪ್ಪ, ಆದ್ರೂ ನಾನು ನಿನ್ನ ಕಳುಸ್ನಿಲ್ಲ ಅಂತ ಯೋಳುದ್ರೆ ಆ ಮಾತ ತಕಂಡೋಗಿ ಅವನು ಎಲ್ಲಿ ಮಡುಗ್ತಾನೆ? ಈಗ ಕಾಲ್ ನೋವಿತ್ತು, ಆಡಾಕಾಗ್ನಿಲ್ಲ ಅಂದ್ಕಂಡು ನಿದ್ದೆ ಮಾಡ್ತಾವ್ನೆ. ನಾನು ಯಾಕೋಗಿ ಎಬ್ಬುಸ್ಲಿ?'

ನಾನು ಎದ್ದು ಟೀ ದುಡ್ಡು ಕೊಟ್ಟು ಬಂದೆ.

ಮುಂದೆ ಕಾಡಿನ ಕಡೆ ಕಾಡುಗಳ್ಳರ ಭಯ ಹೆಚ್ಚಿದ ವರ್ಷಗಳು ಬಂದವು. ದಾರಿಯಲ್ಲಿ ಪೊಲೀಸರ ತಪಾಸಣೆ. ಹೊತ್ತು ಮುಳುಗುವ ಮೊದಲೇ ಜನ ಮನೆ ಸೇರಿಕೊಳ್ಳುತ್ತಿದ್ದರು. ಸಂಜೆ ಬಯಲಿನಲ್ಲಿ ಹುಡುಗರು ಕಾಣುವುದು ನಿಂತುಹೋಯಿತು. ರಾಮಾಪುರದ ಮರಿ ಟೀಮು ಹಾಗೇ ಕರಗಿತು. ಹನೂರಿನದೂ ಹೋಯಿತು. ಅಣ್ಣನಿಗೆ ಸೀನಿಯಾರಿಟಿ ಇತ್ತು. ಮೈಸೂರು ರೂಟು ಕೇಳಿದ್ದರೆ ಕೊಡುತ್ತಿದ್ದರು, ಆ ಕಾಲಿಗೆ ಅದು ಸುಖ. ನಾನೂ ಕೇಳಿ ಅಂದೆ. 'ಈ ದಾರಿ ರೂಢಿ ಆಗದೆ ಬುಡು,' ಅಂದರು. ನಿವೃತ್ತಿಯ ಕೊನೆಯ ದಿನದವರೆಗೂ ಇದೇ ರೂಟಿನಲ್ಲಿ ಕಂಬಿ ಹಿಡಿದು ನಿಂತರು.

ನಿವೃತ್ತಿಯಾದ ಮೇಲೆ ಬೇಗ ಇಳಿದುಹೋದರು. ನಾನು ವಾರದ ರಜೆಯಲ್ಲಿ ಹೋಗಿ ಕೂರುತ್ತಿದ್ದೆ. ಹಾಸಿಗೆಯಲ್ಲಿ ಮಲಗಿಯೇ, ಇವತ್ತು ಯಾವ ರೂಟು, ಗಾಡಿ ಎಷ್ಟು ತುಂಬಿತ್ತು ಅಂತ ಕೇಳುವರು. ಆಮೇಲೆ ಮೆಲ್ಲಗೆ, 'ಅವನು ಬಸ್ಸಿಗೆ ಅತ್ತಿದ್ನಾ?' ಅನ್ನುವರು. ಯಾರು ಅಂತ ನಾನು ಕೇಳುತ್ತಿರಲಿಲ್ಲ. 'ಅತ್ತಿದ್ದ ಅಣ್ಣ, ನಿಮ್ಮ ಕೇಳ್ದ,' ಅನ್ನುತ್ತಿದ್ದೆ. ಅವನು ಕೇಳುತ್ತಿದ್ದುದೂ ನಿಜವೇ. ಬಂದು ನೋಡು ಅಂದರೆ ಮಾತ್ರ, 'ಬತ್ತೀನಿ ಬತ್ತೀನಿ' ಅನ್ನುತ್ತಿದ್ದ. ಬರಲಿಲ್ಲ.

ಮಣ್ಣು ಮಾಡುವ ದಿನ ಯಳಂದೂರಿನವನು ಮೈಸೂರಿನಿಂದ ಬಂದು ಮಗನ ಹಾಗೆ ಹೆಗಲು ಕೊಟ್ಟ. ಹಳೆಯ ಆಟಗಾರರು, ಈಗ ತಲೆ ನರೆತವರು, ತುಂಬ ಜನ ಬಂದಿದ್ದರು. ರಾಮಾಪುರದವನು ಬಂದದ್ದು ಸಮಾಧಿಗೆ ಹಾಲುತುಪ್ಪ ಬಿಡುವ ದಿನ. ಎಲ್ಲರೂ ಸಮಾಧಿಯ ಹತ್ತಿರದಿಂದ ವಾಪಸಾಗಿ ಎಲೆ ಹಾಕುವ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದ. ಅವನ ಕೂದಲೂ ಕಿವಿಯ ಪಕ್ಕ ಬೆಳ್ಳಗಾಗಿತ್ತು. ಫೋಟೋಗೆ ಹಾರ ಹಾಕಿ ಕೈ ಮುಗಿದು ಹೊರಗೆ ಜಗಲಿಯ ಮೇಲೆ ನನ್ನ ಪಕ್ಕ ಕೂತ. ಊಟಕ್ಕೆ ಏಳು ಅಂದೆ. ಏಳಲಿಲ್ಲ.

'ಡ್ರೈವರಣ್ಣ,' ಅಂದ. 'ಒಂದ್ ಮಾತು ಕೇಳ್ತೀನಿ. ನನ್ಗೂ ಯಳಂದೂರವ್ನ್ಗೂ, ಇಬ್ರಲ್ಲಿ ಯಾರ್ ಮೇಲು ಅ‍ಂತ ಅವ್ರು ಯಾವತ್ತಾರು ನಿಮ್ಮ ಅತ್ರ ಯೋಳಿದ್ರಾ?'

ಅಣ್ಣ ಇಷ್ಟು ವರ್ಷ ನುಂಗಿಕೊಂಡ ಮಾತು. ಹೇಳಬಾರದು ಅಂತ ಅವರು ಯೋಚಿಸಿ ಇಟ್ಟುಕೊಂಡ ಮಾತು. ಒಳಗೆ ಅವರ ಫೋಟೋ ಮುಂದೆ ದೀಪ ಉರಿಯುತ್ತಿತ್ತು. ಅವರನ್ನು ಕೇಳಿ ಹೇಳುತ್ತೇನೆ ಅನ್ನುವಂತಿರಲಿಲ್ಲ. ಈಗ ಅದು ನನ್ನೊಬ್ಬನ ಹತ್ತಿರ ಇತ್ತು. ನಾನೂ ಹೋದರೆ ಯಾರ ಹತ್ತಿರವೂ ಇರುವುದಿಲ್ಲ. ಸುಳ್ಳು ಹೇಳುವುದು ಸುಲಭವಿತ್ತು. ಅವನ ಮುಖ ನೋಡಿದೆ. ಆಗಲಿಲ್ಲ.

'ಯೋಳಿದ್ರು,' ಅಂದೆ. 'ನೀನೇ ಅಂತ. ಮೊದಲ್ನೇ ದಿನದಿಂದ್ಲೂ ನೀನೇ ಅಂತ. ಮೈಸೂರ್ನೋರು ಬಂದಿದ್ದ ದಿನವೇ ಯೋಳುದ್ರು.'

ಅವನು ಕುಸಿಯುತ್ತಾನೆ, ಇಲ್ಲ ಸಿಟ್ಟು ಮಾಡುತ್ತಾನೆ ಅಂತ ನಾನು ಕಾದೆ. ಅವನು ಉಸಿರು ಬಿಟ್ಟ. ಬಹಳ ಉದ್ದದ ಉಸಿರು.

'ನನ್ಗೆ ಗೊತ್ತಿತ್ತು ಕಣಣ್ಣ,' ಅಂದ. 'ಅವ್ರಿಗ್ ಗೊತ್ತಿತ್ತಾ ಅಂತ ಕೇಳ್ದೆ. ಅಷ್ಟ್ ದಿನ ನನ್ ಆಟ ನೋಡ್ದೋರು, ಆ ಒಂದಿನ ನೋಡಿ ಎಲ್ಲಾನೂ ಮರ್ತ್‌ಬುಟ್ರೇನೋ ಅಂತಿದ್ದೆ.'

ಅತ್ತಿಗೆ ಅನ್ನದ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಪಾತ್ರೆ ಕೆಳಗಿಟ್ಟು ಹೊಸಿಲ ಮೇಲೆ ಕೂತುಬಿಟ್ಟರು.

'ಅವ್ರು ಇರಾಗ ಬಂದು ಕೇಳ್ಬಾರ್ದಾಗಿತ್ತಾ ಮಗ ಇದ,' ಅಂದರು.

'ಅವ್ರೇ ಯೋಳ್ಲಿ ಅಂತಿದ್ದೆ ಅವ್ವ,' ಅಂದ ಅವನು.